ಫೋನಿಗೆ ನೆಟ್ ಬರ್ತೈತಿ, ಲ್ಯಾಪ್‌ಟಾಪಿಗೆ ಯಾಕ ಬರವಲ್ದು?

"ಅಣ್ಣಾ, ಲ್ಯಾಪ್‌ಟಾಪ್‌ನ್ಯಾಗ ವೈಫೈನ ಕಾಣವಲ್ದು. ಸ್ಕಾಲರ್‌ಶಿಪ್ ಅರ್ಜಿಗೆ ನಾಳೆ ಕಡೀ ದಿನ ಐತಿ."

ಗುಳೇದಗುಡ್ಡದಿಂದ ಚಿಗವ್ವನ ಮಗಳು ಫೋನ್ ಮಾಡಿದಾಗ ರಾತ್ರಿ ಒಂಬತ್ತು ದಾಟಿತ್ತು. ನಾನಿರುವುದು ಬಾಗಲಕೋಟೆಯ ನವನಗರದಲ್ಲಿ. ಆ ಹೊತ್ತಿಗೆ ಓಡಿ ಹೋಗುವ ಹಾಗಿರಲಿಲ್ಲ. ಮನೆಯವರೆಲ್ಲ ಆಗಲೇ ಒಂದು ತೀರ್ಮಾನಕ್ಕೆ ಬಂದಿದ್ದರು. ನೆಟ್ ಹೋಗಿದೆ, ಲೈನ್ ಕೊಟ್ಟವರಿಗೆ ಹೇಳಬೇಕು ಅಂತ. ಕಾಕಾ ಎರಡು ಸಲ ಅವರಿಗೆ ಫೋನ್ ಹಚ್ಚಿಯೂ ಆಗಿತ್ತು.

ನಾನು ಒಂದೇ ಮಾತು ಹೇಳಿದೆ. "ನಿನ್ನ ಫೋನಿನ ಮೊಬೈಲ್ ಡೇಟಾ ಬಂದ್ ಮಾಡು. ಮನೀ ವೈಫೈ ಮ್ಯಾಲೆ ಏನರೆ ಓಪನ್ ಆಗ್ತೈತೇನು ನೋಡು."

"ಆಗ್ತೈತಣ್ಣಾ. ವಿಡಿಯೊ ಓಡಾಕತ್ತೈತಿ."

ಅಷ್ಟು ಸಾಕಾಯಿತು. ಹೊರಗಿನ ಲೈನ್ ಸರಿ ಇದೆ. ಗೋಡೆಗೆ ಹಾಕಿದ ರೌಟರ್ ಡಬ್ಬಿ ಸರಿ ಇದೆ. ಕೆಟ್ಟಿದ್ದು ಲ್ಯಾಪ್‌ಟಾಪಿನ ಒಳಗೆ. ಲೈನಿನವರು ಬಂದು ಏಣಿ ಹಾಕಿದರೂ ಅದು ಸರಿಯಾಗುತ್ತಿರಲಿಲ್ಲ.

ನಾವು "ನೆಟ್ ಇಲ್ಲ" ಅಂತ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆದರೆ ಅದರಲ್ಲಿ ಮೂರು ಬೇರೆ ಬೇರೆ ತೊಂದರೆ ಸೇರಿಕೊಂಡಿವೆ. ಬೀದಿಯಿಂದ ಮನೆಗೆ ಬರುವ ಲೈನ್ ಸತ್ತಿರಬಹುದು. ಲೈನ್ ಇದ್ದೂ ರೌಟರ್ ಕೆಲಸ ಮಾಡದೆ ಇರಬಹುದು. ಅವೆರಡೂ ಸರಿ ಇದ್ದು ಕಂಪ್ಯೂಟರ್ ಕಿವುಡಾಗಿರಬಹುದು. ಮೂರಕ್ಕೂ ಮದ್ದು ಬೇರೆ. ಯಾವುದು ಅಂತ ತಿಳಿಯುವ ಮುಂಚೆ ಸೆಟ್ಟಿಂಗ್ಸ್ ಒಳಗೆ ಕೈ ಹಾಕಿದರೆ ಸರಿ ಇದ್ದದ್ದನ್ನೂ ಕೆಡಿಸಿಕೊಳ್ಳುತ್ತೇವೆ. ಒಂದು ಫೋನ್ ಕೈಯಲ್ಲಿದ್ದರೆ ಎರಡು ನಿಮಿಷದಲ್ಲಿ ಇದು ಗೊತ್ತಾಗುತ್ತದೆ.

ಫೋನಿಗೂ ಬರುತ್ತಿಲ್ಲ ಅಂದರೆ ಡಬ್ಬಿಯ ಲೈಟ್ ನೋಡಬೇಕು. ಈಗ ನಮ್ಮ ಕಡೆ ಹೆಚ್ಚಿನ ಮನೆಗಳಿಗೆ ಬರುವುದು ಫೈಬರ್ ಲೈನ್. ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಯಲ್ಲಿ ಬೆಳಕು ಹರಿದು ಬರುತ್ತದೆ. ಡಬ್ಬಿಯ ಮೇಲೆ ಎಲ್‌ಓಎಸ್ ಅಂತ ಬರೆದ ಲೈಟ್ ಕೆಂಪಗೆ ಉರಿಯುತ್ತಿದ್ದರೆ, ಅಥವಾ ಮಿಣುಕುತ್ತಿದ್ದರೆ, ಆ ಬೆಳಕು ಮನೆಗೆ ಮುಟ್ಟುತ್ತಿಲ್ಲ ಎಂದರ್ಥ. ಎಲ್ಲೋ ಕೇಬಲ್ ಹರಿದಿದೆ, ಅಥವಾ ಡಬ್ಬಿಯ ಹಿಂದೆ ಜಾಸ್ತಿ ಮಡಚಿ ಹೋಗಿದೆ. ಜಮಖಂಡಿ, ಮುಧೋಳ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಮೇಲೆ ಅಷ್ಟೆತ್ತರ ಹೇರಿದ ಕಬ್ಬು ರಸ್ತೆ ದಾಟುವ ಕೇಬಲ್‌ಗೆ ಸಿಕ್ಕರೆ ಇಡೀ ಓಣಿಯ ನೆಟ್ ಹೋಗುತ್ತದೆ. ಆಗ ಲೈನಿನವರನ್ನೇ ಕರೆಯಬೇಕು. ನಮ್ಮ ಕೈಯಲ್ಲಿ ಏನೂ ಇಲ್ಲ.

ಕೆಂಪು ಲೈಟ್ ಇಲ್ಲ, ಆದರೂ ಯಾವ ಫೋನಿಗೂ ನೆಟ್ ಇಲ್ಲ. ಹಾಗಾದರೆ ರೌಟರಿನ ಪ್ಲಗ್ ತೆಗೆದು ಒಂದು ನಿಮಿಷ ಬಿಟ್ಟು ಹಾಕಿ. ಅದು ಪೂರ್ತಿ ಎದ್ದು ಕೂರಲು ಎರಡು ಮೂರು ನಿಮಿಷ ಬೇಕು, ಕಾಯಿರಿ. ಕರೆಂಟ್ ಮೇಲಿಂದ ಮೇಲೆ ಹೋಗಿ ಬಂದ ದಿನ ಇಷ್ಟಕ್ಕೇ ಸರಿಹೋಗುವುದು ಜಾಸ್ತಿ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಡಬ್ಬಿಯ ಹಿಂದೆ ಪಿನ್ನು ತೂರುವಷ್ಟು ಸಣ್ಣ ತೂತು ಇರುತ್ತದೆ, ಪಕ್ಕದಲ್ಲಿ ರೀಸೆಟ್ ಅಂತ ಬರೆದಿರುತ್ತದೆ. ಅದಕ್ಕೆ ಪಿನ್ನು ಚುಚ್ಚಬೇಡಿ. ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ. ರೀಸೆಟ್ ಮಾಡಿದರೆ ನಿಮ್ಮ ವೈಫೈ ಹೆಸರು, ಪಾಸ್‌ವರ್ಡ್ ಅಷ್ಟೇ ಅಲ್ಲ, ಲೈನ್ ಕೊಟ್ಟವರು ಒಳಗೆ ತುಂಬಿಟ್ಟ ಲಾಗಿನ್ ಕೂಡ ಅಳಿಸಿ ಹೋಗಬಹುದು. ಆಮೇಲೆ ಅವರು ಬರುವ ತನಕ ಇಡೀ ಮನೆಗೆ ನೆಟ್ ಇಲ್ಲ.

ಗುಳೇದಗುಡ್ಡದ ಮನೆಯಲ್ಲಿ ಇವೆರಡೂ ಅಲ್ಲ. ಅದು ಮೂರನೆಯದು. ಆದರೆ ಆ ರಾತ್ರಿ ರಿಪೇರಿಗಿಂತ ಅರ್ಜಿ ಮುಖ್ಯವಾಗಿತ್ತು. ನೀವೂ ಇದನ್ನು ನೆನಪಿಡಿ. ಕೆಲಸ ಅವಸರದ್ದಿದ್ದರೆ ಮೊದಲು ಕೆಲಸ ಮುಗಿಸಿಕೊಳ್ಳಿ, ರಿಪೇರಿ ಆಮೇಲೆ. ಫೋನ್ ಚಾರ್ಜ್ ಮಾಡುವ ಕೇಬಲ್‌ನಿಂದ ಫೋನನ್ನು ಲ್ಯಾಪ್‌ಟಾಪಿಗೆ ಸೇರಿಸಲು ಅವಳಿಗೆ ಹೇಳಿದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ಇರುವ ಜಾಗದಲ್ಲೇ ಯುಎಸ್‌ಬಿ ಟೆಥರಿಂಗ್ ಅಂತ ಇರುತ್ತದೆ. ಅದನ್ನು ಒತ್ತಿದಳು. ಲ್ಯಾಪ್‌ಟಾಪಿಗೆ ವೈಫೈ ಕಿವಿ ಇಲ್ಲದಿದ್ದರೂ ಕೇಬಲ್ ಮೂಲಕ ನೆಟ್ ಬಂತು. ಬರೀ ಹಾಟ್‌ಸ್ಪಾಟ್ ಹಾಕಿದ್ದರೆ ಆಗುತ್ತಿರಲಿಲ್ಲ. ಅದನ್ನು ಹಿಡಿಯಲೂ ಲ್ಯಾಪ್‌ಟಾಪಿಗೆ ವೈಫೈಯೇ ಬೇಕಲ್ವಾ? ಹನ್ನೊಂದರ ಹೊತ್ತಿಗೆ ಅರ್ಜಿ ಹೋಯಿತು. ಆಮೇಲೆ ಮಲಗಿದೆವು.

ಮರುದಿನ ಕಾಕಾ ಲ್ಯಾಪ್‌ಟಾಪನ್ನು ಒಂದು ಅಂಗಡಿಗೆ ತೋರಿಸಿದರು. ವೈಫೈ ಕಾರ್ಡ್, ಅಂದರೆ ವೈಫೈ ಹಿಡಿಯುವ ಒಳಗಿನ ಭಾಗ, ಸತ್ತಿದೆ, ಹೊಸದು ಹಾಕಬೇಕು ಅಂದರಂತೆ. ದುಡ್ಡು ಕೊಡುವ ಮುಂಚೆ ಒಂದು ಸಲ ನೋಡುತ್ತೇನೆ ಅಂತ ನಾನು ಭಾನುವಾರ ಹೋದೆ.

ಪರದೆಯ ಕೆಳಗೆ, ಬಲಗಡೆ ಮೂಲೆಯಲ್ಲಿ ವೈಫೈಯ ಬೀಸಣಿಗೆಯಂಥ ಚಿಹ್ನೆ ಇರಬೇಕಿತ್ತು. ಅಲ್ಲಿ ಒಂದು ಗ್ಲೋಬಿನ ಚಿತ್ರ ಇತ್ತು. ಅದನ್ನು ಒತ್ತಿದರೆ ವೈಫೈ ಎಂಬ ಬಟನ್ನೇ ಇಲ್ಲ, ಏರ್‌ಪ್ಲೇನ್ ಮೋಡ್ ಒಂದೇ. ಈ ವ್ಯತ್ಯಾಸ ದೊಡ್ಡದು. ವೈಫೈ ಬಟನ್ ಇದ್ದು ಅದು ಆಫ್ ಆಗಿದ್ದರೆ ಸುಮ್ನೆ ಒತ್ತಿದರೆ ಮುಗಿಯಿತು. ಬಟನ್ ಇದ್ದು ನಿಮ್ಮ ಮನೆಯ ಹೆಸರೊಂದೇ ಪಟ್ಟಿಯಲ್ಲಿ ಇಲ್ಲದಿದ್ದರೆ ಅದು ಸಿಗ್ನಲ್ ವಿಷಯ. ಬಟನ್ನೇ ಇಲ್ಲದಿದ್ದರೆ, ತನಗೊಂದು ವೈಫೈ ಕಾರ್ಡ್ ಇದೆ ಅನ್ನುವುದೇ ವಿಂಡೋಸಿಗೆ ಗೊತ್ತಿಲ್ಲ, ಅಥವಾ ಯಾರೋ ಅದನ್ನು ಮುಚ್ಚಿಟ್ಟಿದ್ದಾರೆ.

ಮೇಜಿನ ಮೇಲಿಡುವ ದೊಡ್ಡ ಕಂಪ್ಯೂಟರ್ ಆದರೆ ಇಲ್ಲೊಂದು ಮಾತು. ಅಂಗಡಿಯಲ್ಲಿ ಬಿಡಿ ಭಾಗ ಸೇರಿಸಿ ಕೊಟ್ಟ ಎಷ್ಟೋ ಕಂಪ್ಯೂಟರುಗಳಲ್ಲಿ ವೈಫೈ ಕಾರ್ಡೇ ಇರುವುದಿಲ್ಲ. ಹಳೆ ಮನೆಯಲ್ಲಿ ಕೇಬಲ್ ಹಾಕಿ ನಡೆಸುತ್ತಿದ್ದಿರಿ, ಹೊಸ ಮನೆಗೆ ಬಂದ ಮೇಲೆ ವೈಫೈ ಹುಡುಕುತ್ತಿದ್ದೀರಿ ಅಂದರೆ ಅದು ಕೆಟ್ಟಿಲ್ಲ, ಮೊದಲಿನಿಂದಲೂ ಇರಲೇ ಇಲ್ಲ. ಬೆರಳಿನಷ್ಟು ಉದ್ದದ ಒಂದು ಯುಎಸ್‌ಬಿ ವೈಫೈ ಅಡಾಪ್ಟರ್ ಸಿಗುತ್ತದೆ, ಅದನ್ನು ಚುಚ್ಚಿದರೆ ಆಯಿತು.

ಲ್ಯಾಪ್‌ಟಾಪಿನಲ್ಲಿ ನಾನು ಮೊದಲು ನೋಡಿದ್ದು ಬಟನ್‌ಗಳನ್ನೇ. ಕೆಲವು ಹಳೆ ಲ್ಯಾಪ್‌ಟಾಪಿನ ಅಂಚಿನಲ್ಲಿ ವೈಫೈಗೆ ಅಂತಲೇ ಸಣ್ಣ ಸ್ವಿಚ್ ಇರುತ್ತದೆ. ಹೊಸದರಲ್ಲಿ ಮೇಲಿನ ಸಾಲಿನ ಒಂದು ಕೀ ಮೇಲೆ ವಿಮಾನದ ಚಿತ್ರ ಇರುತ್ತದೆ. ಧೂಳು ಒರೆಸುವಾಗ ಬಟ್ಟೆ ತಾಗಿ ಅದು ಒತ್ತಿ ಹೋಗುವುದುಂಟು. ನಮ್ಮ ಕಡೆ ಧೂಳು ಜಾಸ್ತಿ, ಒರೆಸುವುದೂ ಜಾಸ್ತಿ. ಇಲ್ಲಿ ಅದಾಗಿರಲಿಲ್ಲ.

ನಂತರ ಸ್ಟಾರ್ಟ್ ಬಟನ್ ಮೇಲೆ ಬಲ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆಗೆದೆ. ಕಂಪ್ಯೂಟರಿನ ಒಳಗಿರುವ ಪ್ರತಿಯೊಂದು ಭಾಗದ ಹಾಜರಿ ಪುಸ್ತಕ ಅದು. ನೆಟ್‌ವರ್ಕ್ ಅಡಾಪ್ಟರ್ಸ್ ಎಂಬ ಸಾಲು ಬಿಡಿಸಿದರೆ ವೈಫೈ ಕಾರ್ಡಿನ ಹೆಸರು ಕಾಣಬೇಕು. ಹೆಸರಿನಲ್ಲಿ ವೈರ್‌ಲೆಸ್, ವೈಫೈ, ಅಥವಾ 802.11 ಅಂತ ಇದ್ದರೆ ಅದೇ. 802.11 ಅನ್ನುವುದು ವೈಫೈಗೆ ಇಂಜಿನಿಯರುಗಳು 1997ರಲ್ಲಿ ಮೊದಲ ಸಲ ಬರೆದ ನಿಯಮಗಳ ನಂಬರು. ಇವತ್ತಿನ ಎಲ್ಲ ವೈಫೈಯೂ ಅದರ ಮುಂದಿನ ಪೀಳಿಗೆಯೇ.

ಆ ಹೆಸರು ನಿಮಗೆ ಕಂಡರೆ ಅದರ ಪಕ್ಕದ ಗುರುತು ನೋಡಿ. ಕೆಳಮುಖದ ಸಣ್ಣ ಬಾಣ ಇದ್ದರೆ ಕಾರ್ಡನ್ನು ಯಾರೋ ಬಂದ್ ಮಾಡಿದ್ದಾರೆ. ಬಲ ಕ್ಲಿಕ್ ಮಾಡಿ ಎನೇಬಲ್ ಒತ್ತಿದರೆ ವೈಫೈ ತಟ್ಟನೆ ಬರುತ್ತದೆ. ಹಳದಿ ತ್ರಿಕೋನ ಇದ್ದರೆ ಕಾರ್ಡ್ ಇದೆ, ಆದರೆ ಅದಕ್ಕೂ ವಿಂಡೋಸಿಗೂ ಮಾತು ನಡೆಯುತ್ತಿಲ್ಲ. ಇದು ಡ್ರೈವರ್ ತೊಂದರೆ ಆಗಿರುವುದೇ ಜಾಸ್ತಿ.

ಡ್ರೈವರ್ ಅಂದರೇನು? ಬಾಗಲಕೋಟೆಯ ಮಾರುಕಟ್ಟೆಯ ಅಡತಿ ಅಂಗಡಿ ನೋಡಿದವರಿಗೆ ಇದನ್ನು ಹೇಳುವುದು ಸುಲಭ. ಮಾಲು ತಂದ ರೈತನಿಗೆ ಹೊರರಾಜ್ಯದಿಂದ ಬಂದ ಖರೀದಿದಾರನ ಭಾಷೆ ಬಾರದು. ಅವನಿಗೆ ಇವನ ಲೆಕ್ಕ ತಿಳಿಯದು. ನಡುವೆ ದಲಾಲ ನಿಂತು ಇಬ್ಬರ ಮಾತನ್ನೂ ದಾಟಿಸುತ್ತಾನೆ. ವೈಫೈ ಕಾರ್ಡ್ ಮಾಡಿದ ಕಂಪನಿಯದು ಒಂದು ಭಾಷೆ, ವಿಂಡೋಸಿನದು ಇನ್ನೊಂದು. ಡ್ರೈವರ್ ಎಂಬ ಸಣ್ಣ ಸಾಫ್ಟ್‌ವೇರ್ ಇಬ್ಬರ ನಡುವಿನ ದಲಾಲ. ವಿಂಡೋಸ್ ಅಪ್‌ಡೇಟ್ ಆದಾಗ ಕೆಲವೊಮ್ಮೆ ಹಳೆ ದಲಾಲ ಹೋಗಿ ಹೊಸಬ ಬರುತ್ತಾನೆ. ಅವನಿಗೆ ಈ ಕಾರ್ಡಿನ ಮಾತು ಪೂರ್ತಿ ಬರದಿದ್ದರೆ ವ್ಯಾಪಾರ ನಿಲ್ಲುತ್ತದೆ. ಮಾಲೂ ಸರಿ, ಖರೀದಿದಾರನೂ ಸರಿ. ಆದರೂ ಅಂಗಡಿ ಬಂದ್.

ಅಪ್‌ಡೇಟ್ ಆದ ಮರುದಿನವೇ ವೈಫೈ ಹೋಗಿದ್ದರೆ ಕಾರ್ಡಿನ ಹೆಸರಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಡ್ರೈವರ್ ಎಂಬ ಪುಟದಲ್ಲಿ ರೋಲ್ ಬ್ಯಾಕ್ ಡ್ರೈವರ್ ಒತ್ತಿ. ಹಳಬ ವಾಪಸ್ ಬರುತ್ತಾನೆ. ಆ ಬಟನ್ ಮಸುಕಾಗಿದ್ದರೆ ಹಳೆಯದು ಉಳಿದಿಲ್ಲ. ಆಗ ಅನ್‌ಇನ್‌ಸ್ಟಾಲ್ ಡಿವೈಸ್ ಒತ್ತಿ ರೀಸ್ಟಾರ್ಟ್ ಮಾಡಿ. ವಿಂಡೋಸ್ ಏಳುವಾಗ ಕಾರ್ಡನ್ನು ಹೊಸದಾಗಿ ಹುಡುಕಿ ಡ್ರೈವರ್ ಹಾಕಿಕೊಳ್ಳುತ್ತದೆ. ತೆಗೆಯುವಾಗ ಡ್ರೈವರನ್ನೂ ಅಳಿಸಲೇ ಅಂತ ಒಂದು ಟಿಕ್ ಕೇಳುತ್ತದೆ. ಕೈಯಲ್ಲಿ ಬೇರೆ ಡ್ರೈವರ್ ಇಲ್ಲದಿದ್ದರೆ ಅಲ್ಲಿ ಟಿಕ್ ಹಾಕಬೇಡಿ.

ಇದೂ ಆಗದಿದ್ದರೆ ಡ್ರೈವರನ್ನು ತಂದು ಹಾಕಬೇಕು. ನೆಟ್ ಇಲ್ಲದೆ ತರುವುದು ಹೇಗೆ ಅಂತ ಅನೇಕರು ಇಲ್ಲೇ ಕೈಚೆಲ್ಲುತ್ತಾರೆ. ಅದೇ ಯುಎಸ್‌ಬಿ ಟೆಥರಿಂಗ್ ಇಲ್ಲಿಯೂ ಸಾಕು. ಲ್ಯಾಪ್‌ಟಾಪ್ ಮಾಡಿದ ಕಂಪನಿಯ ವೆಬ್‌ಸೈಟಿಗೇ ಹೋಗಿ, ತಳದಲ್ಲಿ ಅಂಟಿಸಿದ ಮಾಡೆಲ್ ನಂಬರು ಹಾಕಿ ಹುಡುಕಿ. ಎಲ್ಲ ಡ್ರೈವರ್ ಒಂದೇ ಏಟಿಗೆ ಸರಿ ಮಾಡುತ್ತೇವೆ ಎನ್ನುವ ಬೇರೆ ಬೇರೆ ಸಾಫ್ಟ್‌ವೇರ್ ಹಾಕಿಕೊಳ್ಳಬೇಡಿ. ಅವುಗಳಿಂದ ಕೆಟ್ಟ ಕಂಪ್ಯೂಟರುಗಳನ್ನು ನಾನು ಸರಿ ಮಾಡಿದ್ದೇನೆ. ಗೂಗಲ್‌ನಲ್ಲಿ ಸಿಕ್ಕ ಕಸ್ಟಮರ್ ಕೇರ್ ನಂಬರಿಗೆ ಫೋನ್ ಮಾಡಿ, ಅವರು ಹೇಳಿದ ಆ್ಯಪ್ ಹಾಕಿ, ಪರದೆಯನ್ನು ಅವರ ಕೈಗೆ ಕೊಡುವುದಂತೂ ಬೇಡವೇ ಬೇಡ. ಬ್ಯಾಂಕ್ ಖಾತೆ ಖಾಲಿಯಾಗುವುದು ಹೀಗೆಯೇ. ಹಾಗೇನಾದರೂ ಆಗಿಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಗೆ ಇರುವ ಸರ್ಕಾರದ ಸಹಾಯವಾಣಿ.

ಈಗ ಗುಳೇದಗುಡ್ಡದ ಲ್ಯಾಪ್‌ಟಾಪಿಗೆ ಬರೋಣ. ಅಲ್ಲಿ ಬಾಣವೂ ಇರಲಿಲ್ಲ, ಹಳದಿ ತ್ರಿಕೋನವೂ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ವೈಫೈ ಕಾರ್ಡಿನ ಹೆಸರೇ ಇರಲಿಲ್ಲ. ಅಂಗಡಿಯವರು ಕಾರ್ಡ್ ಸತ್ತಿದೆ ಅಂದಿದ್ದು ಇದನ್ನು ನೋಡಿಯೇ ಇರಬೇಕು. ನಾನು ವ್ಯೂ ಎಂಬಲ್ಲಿ ಶೋ ಹಿಡನ್ ಡಿವೈಸಸ್ ಒತ್ತಿದೆ. ಮಸುಕು ಅಕ್ಷರದಲ್ಲಿ ಕಾರ್ಡಿನ ಹೆಸರು ಕಂಡಿತು. ಅಂದರೆ ವಿಂಡೋಸಿಗೆ ಅದರ ನೆನಪಿದೆ, ಆದರೆ ಈಗ ಕೂಗಿದರೆ ಓಗೊಡುತ್ತಿಲ್ಲ.

ಓಗೊಡದ ಕಾರ್ಡ್ ಎಲ್ಲವೂ ಸತ್ತ ಕಾರ್ಡ್ ಅಲ್ಲ. ಕೆಲವೊಮ್ಮೆ ಅದು ಸಿಕ್ಕಿಕೊಂಡಿರುತ್ತದೆ. ಲ್ಯಾಪ್‌ಟಾಪ್ ಆಫ್ ಮಾಡಿದರೂ ಬ್ಯಾಟರಿಯಿಂದ ಒಳಗಿನ ಕೆಲವು ಭಾಗಗಳಿಗೆ ಸ್ವಲ್ಪ ಕರೆಂಟ್ ಹರಿಯುತ್ತಲೇ ಇರುತ್ತದೆ. ಆ ಕರೆಂಟ್ ಪೂರ್ತಿ ನಿಂತು ಹೊಸದಾಗಿ ಬರುವ ತನಕ ಕಾರ್ಡ್ ಅದೇ ಗೊಂದಲದಲ್ಲಿ ಕೂತಿರಬಹುದು. ಮದ್ದು ಸುಲಭ. ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆದು, ಮೌಸ್ ಪೆನ್‌ಡ್ರೈವ್ ಎಲ್ಲ ಬಿಚ್ಚಿ, ಪವರ್ ಬಟನ್ನನ್ನು ಮೂವತ್ತು ಸೆಕೆಂಡು ಒತ್ತಿ ಹಿಡಿಯಬೇಕು. ಬ್ಯಾಟರಿ ಹೊರಗೆ ತೆಗೆಯಲು ಬರುವಂಥದ್ದಾದರೆ ಅದನ್ನೂ ಮೊದಲು ತೆಗೆಯಬೇಕು. ಆಮೇಲೆ ಚಾರ್ಜರ್ ಹಾಕಿ ಆನ್ ಮಾಡಬೇಕು.

ಚಿಗವ್ವ ಚಹಾ ತರುವಷ್ಟರಲ್ಲಿ ಮೂಲೆಯಲ್ಲಿ ಬೀಸಣಿಗೆ ಬಂದಿತ್ತು.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಎರಡು ವಾರ ಕಳೆದು ಮತ್ತೆ ಫೋನ್ ಬಂತು. ಮತ್ತೆ ಮಾಯ. "ದಿನಾ ಸರಿಯಾಗಿ ಶಟ್‌ಡೌನ್ ಮಾಡಾಕತ್ತೀನಣ್ಣಾ" ಅಂದಳು. ಅವಳ ತಪ್ಪೇನಿರಲಿಲ್ಲ. ನಾನೇ ಮೊದಲ ಸಲ ಮೂಲಕ್ಕೆ ಹೋಗಬೇಕಿತ್ತು.

ಇದು ಬಹಳ ಮಂದಿಗೆ ಗೊತ್ತಿಲ್ಲದ ವಿಷಯ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಫಾಸ್ಟ್ ಸ್ಟಾರ್ಟಪ್ ಎಂಬ ವ್ಯವಸ್ಥೆ ಇದೆ. ಅದು ಆನ್ ಇದ್ದರೆ ಶಟ್‌ಡೌನ್ ಒತ್ತಿದಾಗ ವಿಂಡೋಸ್ ಪೂರ್ತಿ ಮಲಗುವುದಿಲ್ಲ. ನೀವು ತೆರೆದಿದ್ದ ಕೆಲಸಗಳನ್ನು ಮುಚ್ಚುತ್ತದೆ, ಆದರೆ ತನ್ನ ಒಳಗಿನ ಮುಖ್ಯ ಭಾಗವನ್ನೂ ಡ್ರೈವರುಗಳ ಸ್ಥಿತಿಯನ್ನೂ ಡಿಸ್ಕಿನಲ್ಲಿ ಹಾಗೇ ಬರೆದಿಟ್ಟುಕೊಳ್ಳುತ್ತದೆ. ಮರುದಿನ ಅದನ್ನೇ ಓದಿಕೊಂಡು ಬೇಗ ಏಳುತ್ತದೆ. ನಿನ್ನೆ ಡ್ರೈವರ್ ಗೊಂದಲದಲ್ಲಿದ್ದರೆ ಇವತ್ತೂ ಅದೇ ಗೊಂದಲದಿಂದ ಏಳುತ್ತದೆ. ರೀಸ್ಟಾರ್ಟ್ ಹಾಗಲ್ಲ. ರೀಸ್ಟಾರ್ಟ್ ಒತ್ತಿದರೆ ಎಲ್ಲವನ್ನೂ ಒರೆಸಿ ಹೊಸದಾಗಿ ಶುರು ಮಾಡುತ್ತದೆ. ಅದಕ್ಕೇ ವಿಂಡೋಸಿನಲ್ಲಿ ತೊಂದರೆ ಬಂದಾಗ ಆಫ್ ಮಾಡಿ ಆನ್ ಮಾಡುವುದಕ್ಕಿಂತ ರೀಸ್ಟಾರ್ಟ್ ಒತ್ತುವುದು ಒಳ್ಳೆಯದು.

ಫಾಸ್ಟ್ ಸ್ಟಾರ್ಟಪ್ ತೆಗೆಯಲು ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್‌ಗೆ ಹೋಗಿ, ಪವರ್ ಬಟನ್ ಒತ್ತಿದರೆ ಏನಾಗಬೇಕು ಎಂದು ಆರಿಸುವ ಪುಟ ತೆರೆಯಬೇಕು. ಅಲ್ಲಿ ಫಾಸ್ಟ್ ಸ್ಟಾರ್ಟಪ್ ಮುಂದಿನ ಟಿಕ್ ತೆಗೆಯಬೇಕು. ನಾನು ಮತ್ತೆ ಹೋಗಿ ಅದನ್ನು ತೆಗೆದೆ. ಇನ್ನೊಂದು ಕೆಲಸವನ್ನೂ ಮಾಡಿದೆ. ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಕಾರ್ಡಿನ ಪವರ್ ಮ್ಯಾನೇಜ್‌ಮೆಂಟ್ ಎಂಬ ಪುಟವಿದೆ. ಬ್ಯಾಟರಿ ಉಳಿಸಲು ಕಂಪ್ಯೂಟರ್ ಈ ಕಾರ್ಡನ್ನು ಆಫ್ ಮಾಡಬಹುದು ಅಂತ ಅಲ್ಲಿ ಒಂದು ಒಪ್ಪಿಗೆ ಇರುತ್ತದೆ. ಆ ಒಪ್ಪಿಗೆ ವಾಪಸ್ ಪಡೆದೆ. ಕಂಪನಿಯ ವೆಬ್‌ಸೈಟಿನಿಂದ ಹೊಸ ಡ್ರೈವರೂ ಹಾಕಿದೆ. ಆಮೇಲೆ ಆ ಲ್ಯಾಪ್‌ಟಾಪಿನ ಸಲುವಾಗಿ ಫೋನ್ ಬಂದಿಲ್ಲ. ಮೂರರಲ್ಲಿ ಯಾವುದು ಕೆಲಸ ಮಾಡಿತು ಅಂತ ಬಿಡಿಸಿ ನೋಡುವಷ್ಟು ತಾಳ್ಮೆ ಆ ಮನೆಯಲ್ಲಿ ಯಾರಿಗೂ ಉಳಿದಿರಲಿಲ್ಲ.

ಕಾರ್ಡ್ ಇದೆ, ಗುರುತೆಲ್ಲ ಸರಿ ಇದೆ, ಆದರೂ ಯಾವ ಹೆಸರೂ ಕಾಣುತ್ತಿಲ್ಲ ಅಂದರೆ ಸರ್ವೀಸಸ್ ಎಂದು ಹುಡುಕಿ ತೆಗೆದು ಡಬ್ಲ್ಯುಲ್ಯಾನ್ ಆಟೊಕಾನ್ಫಿಗ್ ಎಂಬುದು ನಡೆಯುತ್ತಿದೆಯೇ ನೋಡಿ. ವಿಂಡೋಸಿನಲ್ಲಿ ವೈಫೈ ಹುಡುಕಿ ಜೋಡಿಸುವ ಕೆಲಸ ಅದರದ್ದು. ನಿಂತಿದ್ದರೆ ಸ್ಟಾರ್ಟ್ ಒತ್ತಿ, ಆಟೊಮ್ಯಾಟಿಕ್ ಅಂತ ಇಡಿ.

ಅಕ್ಕಪಕ್ಕದವರ ಹೆಸರೆಲ್ಲ ಕಾಣುತ್ತದೆ, ನಮ್ಮದೇ ಇಲ್ಲ. ಫೋನಿನಲ್ಲಿ ಮಾತ್ರ ಇದೆ. ಇದಕ್ಕೆ ಹೆಚ್ಚಾಗಿ ಕಾರಣ ರೌಟರ್ ಎರಡು ಬ್ಯಾಂಡಿನಲ್ಲಿ, ಅಂದರೆ ಎರಡು ಬೇರೆ ಬೇರೆ ರೇಡಿಯೊ ತರಂಗದಲ್ಲಿ, ಮಾತಾಡುವುದು. ಒಂದು 2.4 ಗಿಗಾಹರ್ಟ್ಸ್, ಇನ್ನೊಂದು 5 ಗಿಗಾಹರ್ಟ್ಸ್. ಹಳೆ ಲ್ಯಾಪ್‌ಟಾಪಿನ ಎಷ್ಟೋ ಕಾರ್ಡುಗಳಿಗೆ 2.4 ಮಾತ್ರ ಕೇಳಿಸುತ್ತದೆ. ರೌಟರಿನಲ್ಲಿ 5 ಮಾತ್ರ ಆನ್ ಇದ್ದರೆ ಹೊಸ ಫೋನಿಗೆ ಬರುತ್ತದೆ, ಹಳೆ ಲ್ಯಾಪ್‌ಟಾಪಿಗೆ ಇಲ್ಲ. ಎರಡನ್ನೂ ಆನ್ ಇಡಿಸಿಕೊಳ್ಳಿ. 5 ಜೋರಾಗಿ ಓಡುತ್ತದೆ, ಆದರೆ ಗೋಡೆ ದಾಟಲು ಸೋಲುತ್ತದೆ. 2.4 ನಿಧಾನ, ಆದರೆ ದೂರ ಹೋಗುತ್ತದೆ. ನಮ್ಮ ಹಳೆ ಮನೆಗಳ ಕಲ್ಲು ಮಣ್ಣಿನ ಗೋಡೆ ಮೊಳಕ್ಕಿಂತ ದಪ್ಪ. ಪಡಸಾಲೆಯಲ್ಲಿ ಇಟ್ಟ ರೌಟರಿನ 5 ಅಡುಗೆಮನೆ ತನಕ ಬರದಿದ್ದರೆ ಅದು ರೌಟರಿನ ತಪ್ಪಲ್ಲ. ರೌಟರನ್ನು ತಿಜೋರಿಯ ಹಿಂದೆ, ಫ್ರಿಜ್ಜಿನ ಪಕ್ಕ, ನೀರು ತುಂಬಿದ ಕೂಲರಿನ ಹತ್ತಿರ ಇಡಬೇಡಿ. ಕಬ್ಬಿಣ ಸಿಗ್ನಲ್ಲನ್ನು ತಡೆದು ತಿರುಗಿಸುತ್ತದೆ, ನೀರು ಹೀರಿಕೊಳ್ಳುತ್ತದೆ. ಎತ್ತರದಲ್ಲಿ, ಮನೆಯ ನಡುವೆ ಇಡಿ.

ಇನ್ನು ವೈಫೈ ಕನೆಕ್ಟ್ ಆಗಿದೆ, ಆದರೆ ನೋ ಇಂಟರ್ನೆಟ್ ಅನ್ನುತ್ತದೆ. ಫೋನಿಗೆ ಬರುತ್ತಿದ್ದರೆ ಇದು ವಿಳಾಸದ ವಿಷಯ ಆಗಿರಬಹುದು. ಆಲಮಟ್ಟಿ ಹಿನ್ನೀರಿಗೆ ಹಳೆ ಬಾಗಲಕೋಟೆಯ ಭಾಗ ಮುಳುಗಿ ಜನ ನವನಗರಕ್ಕೆ ಬಂದಾಗ ಪ್ರತಿ ಮನೆಗೂ ಸೆಕ್ಟರ್ ನಂಬರು, ಪ್ಲಾಟ್ ನಂಬರು ಸಿಕ್ಕಿತು. ಆ ನಂಬರು ಇಲ್ಲದಿದ್ದರೆ ಅಂಚೆಯಣ್ಣ ಪತ್ರ ಎಲ್ಲಿಗೆ ತರಬೇಕು? ವೈಫೈಗೆ ಸೇರಿದ ಪ್ರತಿ ಕಂಪ್ಯೂಟರಿಗೂ ರೌಟರ್ ಹೀಗೇ ಒಂದು ನಂಬರು ಹಂಚುತ್ತದೆ. ಅದು ಹೆಚ್ಚಾಗಿ 192.168 ಅಂತ ಶುರುವಾಗುತ್ತದೆ. ವೈಫೈ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಐಪಿ ವಿಳಾಸ 169.254 ಅಂತ ಶುರುವಾಗಿದ್ದರೆ ರೌಟರ್ ನಂಬರು ಕೊಟ್ಟಿಲ್ಲ, ಕಂಪ್ಯೂಟರ್ ತಾನೇ ಒಂದನ್ನು ಹಚ್ಚಿಕೊಂಡು ಕೂತಿದೆ. ರೌಟರ್ ಮತ್ತು ಕಂಪ್ಯೂಟರ್ ಎರಡನ್ನೂ ರೀಸ್ಟಾರ್ಟ್ ಮಾಡಿ. ಆಮೇಲೆ ವೈಫೈ ಹೆಸರಿನ ಮೇಲೆ ಫರ್ಗೆಟ್ ಒತ್ತಿ ಪಾಸ್‌ವರ್ಡ್ ಹೊಸದಾಗಿ ಹಾಕಿ. ನೆಟ್‌ವರ್ಕ್ ರೀಸೆಟ್ ಎಂಬುದೂ ಸೆಟ್ಟಿಂಗ್ಸ್‌ನಲ್ಲಿ ಇದೆ, ಅದು ಕಡೆಯ ಮದ್ದು. ನೆನಪಿಟ್ಟ ವೈಫೈ ಪಾಸ್‌ವರ್ಡುಗಳೆಲ್ಲ ಅದರಿಂದ ಹೋಗುತ್ತವೆ.

ಹಳೆ ಕಂಪ್ಯೂಟರಿನಲ್ಲಿ ಇನ್ನೊಂದು ಕಾಣುತ್ತದೆ. ರಾತ್ರಿಯಿಡೀ ಕರೆಂಟ್ ಹೋಗಿ ಬೆಳಿಗ್ಗೆ ಬಂದ ಮೇಲೆ ಯಾವ ವೆಬ್‌ಸೈಟೂ ತೆರೆಯುವುದಿಲ್ಲ, ಸುರಕ್ಷಿತವಲ್ಲ ಅನ್ನುತ್ತದೆ. ಮೂಲೆಯ ತಾರೀಖು ನೋಡಿ. ಎಷ್ಟೋ ವರ್ಷ ಹಿಂದಿನದು ಇರುತ್ತದೆ. ವೆಬ್‌ಸೈಟುಗಳ ಸುರಕ್ಷತಾ ಪತ್ರಕ್ಕೆ ಶುರು ಮತ್ತು ಕೊನೆಯ ತಾರೀಖು ಇರುತ್ತದೆ, ತಪ್ಪು ತಾರೀಖಿನ ಕಂಪ್ಯೂಟರ್ ಅದನ್ನು ನಂಬುವುದಿಲ್ಲ. ತಾರೀಖು ಸರಿ ಮಾಡಿ. ಮತ್ತೆ ಮತ್ತೆ ಹೀಗಾದರೆ ಒಳಗಿನ ನಾಣ್ಯದಂಥ ಸೆಲ್ ಮುಗಿದಿದೆ. ಸಿಆರ್ 2032 ಅಂತ ಕೇಳಿದರೆ ವಾಚ್ ಅಂಗಡಿಯಲ್ಲೂ ಸಿಗುತ್ತದೆ.

ಕಾರ್ಡ್ ನಿಜವಾಗಿಯೂ ಸತ್ತಿದ್ದರೂ ಲ್ಯಾಪ್‌ಟಾಪ್ ಬದಲಿಸಬೇಕಿಲ್ಲ. ಆ ಬೆರಳುದ್ದದ ಯುಎಸ್‌ಬಿ ಅಡಾಪ್ಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಎರಡೂ ಬ್ಯಾಂಡ್ ಹಿಡಿಯುವುದನ್ನೇ ಕೇಳಿ ತನ್ನಿ. ಕೆಲವು ಅಡಾಪ್ಟರ್ ಚುಚ್ಚಿದ ಕೂಡಲೇ ವೈಫೈ ಕೊಡುವುದಿಲ್ಲ, ಸಿಡಿ ಹಾಕಿದ ಹಾಗೆ ಕಂಪ್ಯೂಟರಿನ ಪರದೆಯಲ್ಲಿ ಕಾಣಿಸುತ್ತವೆ. ಅದರೊಳಗೇ ಡ್ರೈವರ್ ಇರುತ್ತದೆ, ತೆರೆದು ಹಾಕಿಕೊಳ್ಳಿ. ದೊಡ್ಡ ಕಂಪ್ಯೂಟರಿನ ಹಿಂಬದಿಗೆ ಚುಚ್ಚಿದರೆ ಕಬ್ಬಿಣದ ಡಬ್ಬಿಗೂ ಗೋಡೆಗೂ ನಡುವೆ ಸಿಕ್ಕಿ ಸಿಗ್ನಲ್ ಕುಗ್ಗುತ್ತದೆ. ಮುಂದಿನ ಪೋರ್ಟಿಗೆ ಚುಚ್ಚಿ, ಅಥವಾ ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಮೇಜಿನ ಮೇಲೆ ತನ್ನಿ.

ಗುಳೇದಗುಡ್ಡದಿಂದ ಹೊರಡುವಾಗ ಆ ಲ್ಯಾಪ್‌ಟಾಪಿನ ವೈಫೈ ಡ್ರೈವರನ್ನು ಒಂದು ಪೆನ್‌ಡ್ರೈವಿಗೆ ಹಾಕಿ ಕೊಟ್ಟು ಬಂದೆ. ತಂಗಿ ಒಂದು ಹಾಳೆಯಲ್ಲಿ ವೈಫೈ ಹೆಸರು, ಪಾಸ್‌ವರ್ಡ್, ಲ್ಯಾಪ್‌ಟಾಪಿನ ಮಾಡೆಲ್ ನಂಬರು, ಲೈನಿನವರು ಕೊಟ್ಟ ಗ್ರಾಹಕ ಸಂಖ್ಯೆ ಬರೆದು ತಿಜೋರಿಯ ಬಾಗಿಲ ಒಳಗಡೆ ಅಂಟಿಸಿದಳು. ಕೆಳಗೆ ತಾನೇ ಒಂದು ಸಾಲು ಸೇರಿಸಿದ್ದಳು: "ಮೊದಲು ಫೋನಿಗೆ ಬರ್ತೈತೇನು ನೋಡು."